ಬದಲಾಗದ ಭಾಗಕ್ಕೆ ಮೊದಲ ದುಡ್ಡು

ಸೀಟು ಹಂಚಿಕೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಕಂಪ್ಯೂಟರ್ ಅಂಗಡಿಗೆ ಅಪ್ಪ-ಮಗ ಜೋಡಿಗಳು ಬರತೊಡಗುತ್ತವೆ. ಮಗ ದಾವಣಗೆರೆಯ ಬಿಐಇಟಿಗೋ ಯುಬಿಡಿಟಿಗೋ ಎಂಜಿನಿಯರಿಂಗ್ ಸೇರಿದವನು. ಅಪ್ಪ ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬಸ್ ಹತ್ತಿ ಬಂದವರು. ಹುಡುಗ ಫೋನಿನಲ್ಲಿ ಒಂದು ಪಟ್ಟಿ ತೋರಿಸುತ್ತಾನೆ: ಇಂಥ ಗ್ರಾಫಿಕ್ಸ್ ಕಾರ್ಡು, ಇಂಥ ಪ್ರೊಸೆಸರ್, ಬಣ್ಣ ಬದಲಿಸುವ ಆರು ಫ್ಯಾನು. ಅಪ್ಪನದು ಒಂದೇ ಪ್ರಶ್ನೆ: "ನಾಕು ವರ್ಷ ಬರ್ತೈತೇನ್ರಿ?"

ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಮಾರಾಟದ ಕೌಂಟರಿನಲ್ಲಿ ಕಲಿಯದ್ದನ್ನು ಸರ್ವೀಸ್ ಟೇಬಲ್ಲು ಕಲಿಸಿದೆ. ಎರಡು ಮೂರು ವರ್ಷದ ಮೇಲೆ "ಅಣ್ಣಾ, ಇದಕ್ಕೆ ಹೊಸ ಕಾರ್ಡ್ ಹಾಕ್ಬೇಕು" ಅಂತ ಬರುವ ಸಿಸ್ಟಮ್ಮುಗಳನ್ನು ಬಿಚ್ಚಿ ನೋಡಿದಾಗ, ಅಪ್‌ಗ್ರೇಡಿಗೆ ಅಡ್ಡ ನಿಂತಿರುವುದು ಹಳೆಯ ಪ್ರೊಸೆಸರ್ರೂ ಅಲ್ಲ, ಹಳೆಯ ಕಾರ್ಡೂ ಅಲ್ಲ. ಅಡ್ಡ ನಿಂತಿರುವುದು ಮದರ್‌ಬೋರ್ಡ್, ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟು ಹಂಚುವ ಪೆಟ್ಟಿಗೆ) ಮತ್ತು ಕ್ಯಾಬಿನೆಟ್. ಖರೀದಿಯ ದಿನ ಯಾರೂ ತಲೆ ಕೆಡಿಸಿಕೊಳ್ಳದ, ಗೇಮು ಸೆಕೆಂಡಿಗೆ ಎಷ್ಟು ಫ್ರೇಮು ಓಡುತ್ತದೆ ಅಂತ ಹೇಳುವ ಯಾವ ಎಫ್‌ಪಿಎಸ್ ಪಟ್ಟಿಯಲ್ಲೂ ಕಾಣದ ಭಾಗಗಳು.

ನಮ್ಮ ಕಡೆಯ ದುಡ್ಡು ಬರುವ ರೀತಿಯನ್ನೂ ಇಲ್ಲಿ ಲೆಕ್ಕಕ್ಕೆ ತಗೋಬೇಕು. ಅಡಿಕೆಯೋ ಮೆಕ್ಕೆಜೋಳವೋ, ದುಡ್ಡು ವರ್ಷಕ್ಕೊಮ್ಮೆ ಗಂಟಾಗಿ ಬರುತ್ತದೆ. ಅದರಲ್ಲೊಂದು ಪಾಲನ್ನು ಅಪ್ಪ ಕಂಪ್ಯೂಟರಿಗೆ ಕೊಟ್ಟರೆ, ಅದೇ ಕಂಪ್ಯೂಟರಿಗೆ ಮತ್ತೊಮ್ಮೆ ಕೊಡುವುದು ಕಷ್ಟ. ಮುಂದಿನ ದುಡ್ಡು ಬರುವುದು ಹುಡುಗನ ಇಂಟರ್ನ್‌ಶಿಪ್ಪಿನ ಸ್ಟೈಪೆಂಡಿನಿಂದ, ಇಲ್ಲವೇ ಮೊದಲ ಸಂಬಳದಿಂದ. ಅಂದರೆ ಒಂದೇ ಯಂತ್ರಕ್ಕೆ ಇಬ್ಬರು ಖರೀದಿದಾರರು: ಇವತ್ತು ಅಪ್ಪ, ಮೂರು ವರ್ಷದ ಮೇಲೆ ಮಗ. ಆದ್ದರಿಂದ ನಾನು "ಬಜೆಟ್ ಎಷ್ಟು" ಅಂತ ಕೇಳುವ ಮೊದಲು "ಮುಂದಿನ ದುಡ್ಡು ಯಾವಾಗ, ಯಾರ ಕೈಯಿಂದ" ಅಂತ ಕೇಳುತ್ತೇನೆ. ಅಪ್ಪನ ದುಡ್ಡು ಮುಂದೆ ಬದಲಾಗದ ಭಾಗಗಳಿಗೆ ಹೋಗಲಿ. ಬದಲಾಗುವ ಭಾಗ ಇವತ್ತಿಗೆ ಸಾಕಾಗುವಷ್ಟಿದ್ದರೆ ಸಾಕು.

ಮೊದಲನೆಯದು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಮೊದಲ ರೈಜನ್ ಪ್ರೊಸೆಸರ್ 2017ರಲ್ಲಿ ಬಂತು. 2018ರ ಬಿ450 ಬೋರ್ಡಿಗೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂರಿಸಬಹುದು. ಬೋರ್ಡು ಅದೇ, ರ‍್ಯಾಮ್ ಅದೇ, ಗೇಮಿನಲ್ಲಿ ಅಜಗಜಾಂತರ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ತಲೆಮಾರಿಗೆ ಬಂತು. 2024ರಲ್ಲಿ ಕೋರ್ ಅಲ್ಟ್ರಾ 200 ಸರಣಿಯ ಜೊತೆ ಎಲ್‌ಜಿಎ 1851 ಬಂದು ಹಳೆಯ ಬೋರ್ಡುಗಳ ದಾರಿ ಅಲ್ಲಿಗೇ ಮುಗಿಯಿತು. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ 2027 ದಾಟಿಯೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಆದ್ದರಿಂದ ಈಗ ಸೇರುವ ಹುಡುಗನಿಗೆ ನನ್ನ ಸಲಹೆ ಎಎಂ5 ಬೋರ್ಡು, ರೈಜನ್ 5 7600ರಂಥ ಆರು ಕೋರಿನ ಪ್ರೊಸೆಸರ್. ಕೊನೆಯ ವರ್ಷದಲ್ಲಿ ಬೇಕೆನಿಸಿದರೆ ಗೇಮಿಗೆ ಹೇಳಿ ಮಾಡಿಸಿದ ಎಕ್ಸ್3ಡಿ ಚಿಪ್ ತಂದು ಅದೇ ಜಾಗಕ್ಕೆ ಹಾಕಬಹುದು. ಇಂಟೆಲ್ ಕೆಟ್ಟದ್ದು ಅಂತ ಅಲ್ಲ. ಅಪ್‌ಗ್ರೇಡೇ ಗುರಿಯಾದಾಗ ಸಾಕೆಟ್ಟಿನ ಆಯಸ್ಸು ನೋಡಬೇಕು.

ಬೋರ್ಡಿನಲ್ಲಿ ನಾನು ಕೈಯಿಟ್ಟು ತೋರಿಸುವುದು ಮೂರು ಜಾಗ. ಪ್ರೊಸೆಸರಿಗೆ ಕರೆಂಟು ಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇದೆಯೇ, ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಎರಡಿವೆಯೇ. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯೇ. ಕೊನೆಯದನ್ನು ಕೇಳುವವರೇ ಇಲ್ಲ. ಅದಿದ್ದರೆ ಪೆನ್‌ಡ್ರೈವ್ ಒಂದರಿಂದ, ಪ್ರೊಸೆಸರ್ ಇಲ್ಲದೆಯೂ ಬಯೋಸ್ ಹೊಸದು ಮಾಡಬಹುದು. ಅದಿಲ್ಲದಿದ್ದರೆ ಹಳೆಯ ಚಿಪ್ ಮಾರುವ ಮೊದಲೇ ಅಪ್‌ಡೇಟ್ ಮುಗಿಸಿರಬೇಕು. ಹಳೆಯದನ್ನು ಮಾರಿ, ಹೊಸದನ್ನು ಕೂರಿಸಿ, ಪರದೆಯೇ ಹತ್ತುತ್ತಿಲ್ಲ ಅಂತ ಸಿಸ್ಟಮ್ ಹೊತ್ತು ತಂದ ಹುಡುಗರ ಮುಖ ನೋಡಿದ್ದೇನೆ. ಚಿಪ್ ಚೆನ್ನಾಗಿರುತ್ತದೆ, ಬೋರ್ಡಿಗೆ ಅದರ ಗುರುತು ಇರುವುದಿಲ್ಲ, ಅಷ್ಟೆ.

ರ‍್ಯಾಮ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎಎಂ5ಕ್ಕೆ ಡಿಡಿಆರ್5 ಮಾತ್ರ ಹೊಂದುತ್ತದೆ. ಅಣ್ಣನ ಹಳೆಯ ಸಿಸ್ಟಮ್ಮಿನ ಡಿಡಿಆರ್4 ಸ್ಲಾಟಿಗೇ ಇಳಿಯುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಎರಡೇ ಸ್ಲಾಟಿನ ಬೋರ್ಡಿಗೆ 8 ಜಿಬಿಯ ಎರಡು ಸ್ಟಿಕ್ ಹಾಕಿದರೆ, 32ಕ್ಕೆ ಹೋಗುವಾಗ ಎರಡನ್ನೂ ಕಿತ್ತು ಮಾರಬೇಕು. ನಾಲ್ಕು ಸ್ಲಾಟ್ ಇದ್ದರೆ ಬಚಾವ್ ಅನ್ನುವ ಹಾಗೂ ಇಲ್ಲ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕು ಹಾಕಿದರೆ 3600. ಆದ್ದರಿಂದ ಆದರೆ 16ರ ಎರಡು, ಆಗದಿದ್ದರೆ 16ರ ಒಂದು. ಒಂದೇ ಸ್ಟಿಕ್ಕಿನಲ್ಲಿ ಫ್ರೇಮು ಸ್ವಲ್ಪ ಬೀಳುತ್ತದೆ ನಿಜ, ಆದರೆ ಪಕ್ಕದ ಜಾಗ ಖಾಲಿ ಉಳಿದಿರುತ್ತದೆ. ಆ ಸ್ಟಿಕ್ಕಿನ ಮಾಡೆಲ್ ನಂಬರನ್ನು ಬಿಲ್ಲಿನಲ್ಲಿ ಪೂರ್ತಿ ಬರೆಸಿಕೊಳ್ಳಿ, ಜೊತೆಗಾರನನ್ನು ಹುಡುಕುವಾಗ ಅದೇ ದಾರಿ ತೋರಿಸುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಕಂಪ್ಯೂಟರ್ ಭಾಗಗಳು ದಿನ ಕಳೆದಂತೆ ಅಗ್ಗವಾಗುತ್ತವೆ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೆವು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಾಗ ಡಿಡಿಆರ್5 ಬೆಲೆ ಎರಡು ಪಟ್ಟು ದಾಟಿತು. ಅದಾದ ಮೇಲೆ "ಮುಂದೆ ಹಾಕಿಸಿಕೊಳ್ಳಿ" ಅನ್ನುವ ಮಾತನ್ನು ರ‍್ಯಾಮ್ ವಿಷಯದಲ್ಲಿ ನಾನು ಹಗುರವಾಗಿ ಆಡುವುದಿಲ್ಲ. ಅವತ್ತಿನ ಬೆಲೆ ತೋರಿಸಿ, ಎರಡೂ ಲೆಕ್ಕ ಹಾಕಿ, ನಿರ್ಧಾರ ಅವರಿಗೆ ಬಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ವಾದ ನಡೆಯುವುದು ಎಸ್‌ಎಂಪಿಎಸ್ ಮೇಲೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಪೆಟ್ಟಿಗೆಯ ಮೇಲೂ 500 ವ್ಯಾಟ್ ಅಂತಲೇ ಬರೆದಿರುತ್ತದೆ, ಮತ್ತೆ ಇದಕ್ಕೇಕೆ ಬೇರೆ ದುಡ್ಡು ಅನ್ನುತ್ತಾರೆ. ಚೀಟಿಯಲ್ಲಿ 12 ವೋಲ್ಟ್ ಸಾಲನ್ನು ಓದಿ ಅಂತ ನಾನು ಹೇಳುತ್ತೇನೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಆ ಸಾಲಿನಿಂದಲೇ. ರೈಜನ್ 5 7600 ಪೂರ್ತಿ ದುಡಿದಾಗ 88 ವ್ಯಾಟ್, ಆರ್‌ಟಿಎಕ್ಸ್ 5060 ಕಾರ್ಡು 145 ವ್ಯಾಟ್. ಇವತ್ತಿನ ಮಟ್ಟಿಗೆ ಒಳ್ಳೆಯ ಕಂಪನಿಯ 450 ವ್ಯಾಟೇ ಸಾಕು. ಆದರೆ ಮಗ ಮುಂದೆ ಆರ್‌ಟಿಎಕ್ಸ್ 5070ರ ಮಟ್ಟದ ಕಾರ್ಡ್ ತಂದರೆ ಅದೊಂದೇ 250 ವ್ಯಾಟ್ ಕೇಳುತ್ತದೆ, ಎನ್‌ವಿಡಿಯಾ ಅದಕ್ಕೆ 650 ವ್ಯಾಟಿನ ಸಪ್ಲೈ ಸೂಚಿಸುತ್ತದೆ. ಹಾಗಾಗಿ ಇವತ್ತೇ 650 ಹಾಕಿಸಿ. 80 ಪ್ಲಸ್ ಬ್ರಾಂಜ್ ಗುರುತು ಎಷ್ಟು ಕರೆಂಟು ವ್ಯರ್ಥವಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ, ಒಳಗಿನ ಮಾಲು ಎಂಥದ್ದು ಅಂತ ಹೇಳುವುದಿಲ್ಲ. 5 ವರ್ಷದ ವಾರಂಟಿ ಕೊಡುವ ಮಾಡೆಲ್ಲುಗಳನ್ನು ನಾನು ಹುಡುಕಿ ಕೊಡುತ್ತೇನೆ. ಕೇಬಲ್ಲು ಬಿಚ್ಚಬಹುದಾದ ಮಾಡ್ಯುಲರ್ ಆದರೆ ಅದರ ಕೇಬಲ್ಲುಗಳನ್ನು ಬೇರೆ ಎಸ್‌ಎಂಪಿಎಸ್‌ಗೆ ಹಾಕಲೇಬೇಡಿ. ಒಂದು ತುದಿ ಹೊಂದಿಕೊಂಡರೂ ಪಿನ್ನುಗಳ ಕ್ರಮ ಬೇರೆಯಿದ್ದು ಡಿಸ್ಕು ಸುಟ್ಟುಹೋದೀತು.

ಜೊತೆಗೆ ಊರಿನ ಕರೆಂಟು. ಆಗಾಗ ಹೋಗಿ ಬರುವ ಕಡೆ ಯುಪಿಎಸ್ ಬೇಕೇಬೇಕು. ಆದರೆ ಎಲ್ಲರ ಮನೆಯಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಮಾನಿಟರ್ ಸೇರಿಸಿ ಗೇಮು ಓಡುವಾಗ ಅದು ಅಂಚಿಗೆ ಬಂದು ಕೂಗತೊಡಗುತ್ತದೆ. ಪಿ.ಜಿ. ಕೋಣೆಗಳಲ್ಲಿ ಅರ್ಥಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವ ಸಿಸ್ಟಮ್ಮನ್ನು ಬೋರ್ಡ್ ಕೆಟ್ಟಿದೆ ಅಂತ ತರುತ್ತಾರೆ, ಗೋಡೆಯ ಪ್ಲಗ್ಗಿನಲ್ಲಿ ಮೂರನೇ ತಂತಿಯೇ ಇರುವುದಿಲ್ಲ.

ಇನ್ನು ಹುಡುಗ ಕೇಳಿಕೊಂಡು ಬಂದ ಗ್ರಾಫಿಕ್ಸ್ ಕಾರ್ಡ್. ಇಡೀ ಯಂತ್ರದಲ್ಲಿ ಅತ್ಯಂತ ಸುಲಭವಾಗಿ ಬದಲಾಯಿಸಬಹುದಾದ ಭಾಗ ಅದು: ಒಂದು ಸ್ಕ್ರೂ, ಒಂದು ಕೇಬಲ್ಲು, ಒಂದು ಚಿಲಕ. ಆದ್ದರಿಂದಲೇ ದುಡ್ಡು ಕಡಿಮೆ ಬಿದ್ದರೆ ಇಲ್ಲೇ ಕಡಿತ ಮಾಡಬೇಕು. ಚನ್ನಗಿರಿ ಕಡೆಯ ಹುಡುಗನೊಬ್ಬ ಮೊದಲ ವರ್ಷ ಕಾರ್ಡನ್ನೇ ಕೊಳ್ಳಲಿಲ್ಲ. ವ್ಯಾಲರೆಂಟ್ ಗೇಮ್ ಆಡುತ್ತಿದ್ದದ್ದು ರೈಜನ್ 5 8600ಜಿ ಚಿಪ್ಪಿನ ಒಳಗಿನ ಗ್ರಾಫಿಕ್ಸಿನಲ್ಲೇ. ಆ ದಾರಿಗೂ ಬೆಲೆಯುಂಟು: 8600ಜಿಯ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 16 ಎಂಬಿ, 7600ರದ್ದು 32, ಮುಂದೆ ಹಾಕುವ ಕಾರ್ಡಿಗೆ 8600ಜಿ ಡೇಟಾ ಓಡಾಡಲು ಎಂಟೇ ಲೇನು ಕೊಡುತ್ತದೆ. ಅದಕ್ಕೆ ರ‍್ಯಾಮ್ ಎರಡು ಸ್ಟಿಕ್ಕೇ ಬೇಕು, ಒಳಗಿನ ಗ್ರಾಫಿಕ್ಸ್ ಬದುಕುವುದೇ ರ‍್ಯಾಮಿನ ವೇಗದ ಮೇಲೆ. ಆರು ತಿಂಗಳೊಳಗೆ ಕಾರ್ಡ್ ಬರುತ್ತದೆ ಅನ್ನುವುದಾದರೆ 7600 ಮೇಲು. ಎರಡು ವರ್ಷ ಬರುವುದಿಲ್ಲ ಅನ್ನುವುದಾದರೆ 8600ಜಿ.

ಕಾರ್ಡ್ ಕೊಳ್ಳುವವನಿಗೆ ಬ್ರಾಂಚ್ ಯಾವುದು ಅಂತ ಕೇಳುತ್ತೇನೆ. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವ ಕಂಪ್ಯೂಟರ್ ಸೈನ್ಸಿನವನಿಗೆ CUDA ಎಂಬ ಎನ್‌ವಿಡಿಯಾ ಸಾಫ್ಟ್‌ವೇರ್ ಬೇಕಾಗುತ್ತದೆ, ಅದು ಓಡುವುದು ಎನ್‌ವಿಡಿಯಾದಲ್ಲಿ ಮಾತ್ರ. ಬರೀ ಗೇಮಿಗಾದರೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿಯನ್ನು ಗಟ್ಟಿಯಾಗಿ ಹೇಳುತ್ತೇನೆ. 8 ಜಿಬಿ ಕಾರ್ಡುಗಳು ಹೊಸ ಗೇಮುಗಳಲ್ಲಿ ಟೆಕ್ಸ್ಚರ್ ಏರಿಸಿದೊಡನೆ ತುಂಬಿಕೊಳ್ಳುತ್ತಿವೆ. ಕಾರ್ಡಿನ ಮೆಮೊರಿಯನ್ನು ಮುಂದೆ ಸೇರಿಸಲು ಬರುವುದಿಲ್ಲ.

ಕ್ಯಾಬಿನೆಟ್ ಬಗ್ಗೆ ನನ್ನ ಮಾತು ಊರಿನ ಧೂಳಿನಿಂದ ಶುರುವಾಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವ ಸಿಸ್ಟಮ್ಮುಗಳ ಕೂಲರಿನಲ್ಲಿ ಮಸಿ ಬೆರೆತ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಏಪ್ರಿಲ್ ಬಿಸಿಲಿಗೆ ಅದೂ ಸೇರಿದರೆ ಕಾರ್ಡು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮುಂಭಾಗ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ಬೇಡ. ಜಾಲರಿ ಮುಂಭಾಗ, ಬಿಚ್ಚಿ ತೊಳೆಯಬಹುದಾದ ಫಿಲ್ಟರ್, ಉದ್ದನೆಯ ಕಾರ್ಡಿಗೂ ಜಾಗ, ಇಷ್ಟಿದ್ದರೆ ಫ್ಯಾನ್ ಮೂರೇ ಸಾಕು. ದೀಪದ ಆಸೆ ತಪ್ಪಲ್ಲ, ಹದಿನೆಂಟರ ಹುಡುಗನಿಗೆ ಅದೂ ಬೇಕು. ಎಸ್‌ಎಂಪಿಎಸ್ ದುಡ್ಡಿನಲ್ಲಿ ಕಡಿತ ಮಾಡಿ ಅಲ್ಲ.

ಕೆಲವು ಅಪ್ಪಂದಿರು "ಐ7 ಕಡಿಮೆಗೆ ಸಿಗ್ತೈತಂತೆ" ಅಂತ ಕಂಪನಿಗಳು ಬಳಸಿಬಿಟ್ಟ ಆಫೀಸ್ ಕಂಪ್ಯೂಟರಿನ ಫೋಟೊ ತೋರಿಸುತ್ತಾರೆ. ಬರವಣಿಗೆಗೆ, ಕೋಡಿಂಗ್ ಕಲಿಕೆಗೆ ಅದು ಒಳ್ಳೆಯದೇ. ಆದರೆ ಅಂಥವುಗಳಲ್ಲಿ ಬಹುಪಾಲು ಬೋರ್ಡೂ ಎಸ್‌ಎಂಪಿಎಸ್ಸೂ ಆ ಕಂಪನಿಯದೇ ಅಳತೆ, ಆ ಕಂಪನಿಯದೇ ಪಿನ್ನು. ಹೊರಗಿನದ್ದು ಕೂರುವುದಿಲ್ಲ. 8ನೇ ತಲೆಮಾರಿಗಿಂತ ಹಳೆಯ ಇಂಟೆಲ್ ಚಿಪ್ಪುಗಳಲ್ಲಿ ಬಹುತೇಕ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಜೋಡಿಸಿ ಮುಗಿಸಿದ ಮೇಲೆ ಬಯೋಸಿನಲ್ಲಿ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಸೆಟ್ಟಿಂಗ್ ಆನ್ ಮಾಡಿ, ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದೆಯೇ ಅಂತ ಹುಡುಗನಿಗೇ ತೋರಿಸುತ್ತೇನೆ. ಆಮೇಲೆ ಸೈಡ್ ಪ್ಯಾನೆಲ್ ಬಿಚ್ಚಿಸಿ ಅವನ ಕೈಯಿಂದಲೇ ರ‍್ಯಾಮ್ ಒಮ್ಮೆ ತೆಗೆಸಿ ಹಾಕಿಸುತ್ತೇನೆ. ಎರಡನೇ ಸ್ಟಿಕ್ ಬರುವ ದಿನ ಅವನು ಹಾಸ್ಟೆಲ್ಲಿನಲ್ಲೇ ಹಾಕಿಕೊಳ್ಳಲಿ ಅಂತ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ, ಅದರ ಒಂದು ಫೋಟೊ ಅಪ್ಪನ ಫೋನಿನಲ್ಲೂ ಇರಲಿ. ಬೋರ್ಡಿನ ಮತ್ತು ಎಸ್‌ಎಂಪಿಎಸ್ ಡಬ್ಬಿಗಳನ್ನು ಎಸೆಯಬೇಡಿ, ಉಳಿದ ಸ್ಕ್ರೂ, ಕೇಬಲ್ಲು ಎಲ್ಲವನ್ನೂ ಅದರಲ್ಲೇ ಹಾಕಿ ಊರಿನ ಮನೆಯ ಅಟ್ಟದಲ್ಲಿಡಿ.