ಮೊದಲು ಕೊಳ್ಳಬೇಕು, ಆಮೇಲೆ ಮಾರಬೇಕು

ಬಹರೇನಿನ ಮನಾಮಾದಲ್ಲಿ ಒಂದು ಇಸ್ಲಾಮಿಕ್ ಬ್ಯಾಂಕಿನ ಟ್ರೆಷರಿ ಆಪರೇಷನ್ಸ್ ನನ್ನ ಕೆಲಸ. ಇಲ್ಲಿ ಶುಕ್ರವಾರ, ಶನಿವಾರ ರಜೆ. ಹಾಗಾಗಿ ಕ್ವಾರ್ಟರ್ ಕೊನೆಯ ಗುರುವಾರ ಬಂತೆಂದರೆ ಎಲ್ಲರಿಗೂ ಅವಸರ. ಎಂಟ್ರಿ ಹಾಕುವ ಮೇಕರ್, ಅದನ್ನು ಪರಿಶೀಲಿಸುವ ಚೆಕರ್, ಮುಗಿಸಬೇಕಾದ ಕಟ್-ಆಫ್ ಸಮಯ, ಇದರ ನಡುವೆ ಊಟವೂ ನೆನಪಾಗುವುದಿಲ್ಲ.

ಅಂಥದ್ದೇ ಒಂದು ಗುರುವಾರ ದೊಡ್ಡ ಗ್ರಾಹಕರೊಬ್ಬರ ಕಮಾಡಿಟಿ ಮುರಾಬಹಾ ಡೀಲ್ ಇತ್ತು. ಅಂದರೆ ಬಡ್ಡಿ ಸಾಲದ ಬದಲು ಬ್ಯಾಂಕ್ ಬ್ರೋಕರ್ ಮೂಲಕ ಲೋಹ ಕೊಂಡು, ಲಾಭ ಸೇರಿಸಿ ಗ್ರಾಹಕರಿಗೆ ಮಾರುತ್ತದೆ. ಗ್ರಾಹಕರು ಅದನ್ನು ಬೇರೆಯವರಿಗೆ ಮಾರಿ ನಗದು ಪಡೆಯುತ್ತಾರೆ, ನಮಗೆ ಆಮೇಲೆ ಕೊಡುತ್ತಾರೆ. ದುಡ್ಡು ಹೋಯಿತು, ಟಿಕೆಟ್ ಮುಚ್ಚಿತು. ಮಧ್ಯಾಹ್ನ ಶರಿಯಾ ಆಡಿಟರ್, ಅಂದರೆ ಡೀಲ್‌ಗಳು ಇಸ್ಲಾಮಿಕ್ ನಿಯಮದಂತೆ ನಡೆದಿವೆಯೇ ಎಂದು ನೋಡುವವರು, ಫೈಲ್ ಹಿಡಿದು ಬಂದರು. ಗ್ರಾಹಕರ ಸಹಿ ಬಿದ್ದ ಖರೀದಿ ಒಪ್ಪಂದ ನಮ್ಮ ಮೇಲ್‌ಗೆ ಬಂದದ್ದು 11.10ಕ್ಕೆ. ಲೋಹ ನಮ್ಮದಾಯಿತು ಎಂಬ ಬ್ರೋಕರ್ ಸರ್ಟಿಫಿಕೇಟ್‌ನಲ್ಲಿ ಇದ್ದ ಸಮಯ 11.40. ಅಂದರೆ ಇನ್ನೂ ನಮ್ಮದಾಗದ ಲೋಹವನ್ನು ನಾವು ಮಾರಿದ್ದೆವು.

ಮೀಟಿಂಗ್ ರೂಮಿಗೆ ಕರೆದರು. ಬಿಸಿನೆಸ್ ಹೆಡ್ ನೇರವಾಗಿ ಹೇಳಿದರು: "ಬ್ರೋಕರ್‌ಗೆ ಮೇಲ್ ಹಾಕಿ, ಹನ್ನೊಂದಕ್ಕೇ ಕೊಂಡಿದ್ದು ಅಂತ ಹೊಸ ಸರ್ಟಿಫಿಕೇಟ್ ತರಿಸಿ. ಗ್ರಾಹಕ ಅದೇ, ಮೊತ್ತ ಅದೇ, ಲಾಭ ಅದೇ. ಅರ್ಧ ಗಂಟೆಗೆ ಇಷ್ಟು ಗಲಾಟೆ ಯಾಕೆ?" ಬ್ರೋಕರ್‌ಗೆ ಮೇಲ್ ಹೋಗುವುದು ನನ್ನ ಐಡಿಯಿಂದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆರೆಯಲಿಲ್ಲ. ಬಾಯಿ ಒಣಗಿತ್ತು. ಆ ಮನುಷ್ಯನ ಮಾತಿಗೆ ನನ್ನ ಬಾಸ್ ಕೂಡ ಎದುರು ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಆಡಿಟರ್ ದನಿ ಏರಿಸದೆ ಒಂದೇ ಪ್ರಶ್ನೆ ಕೇಳಿದರು: "ಆ ಅರ್ಧ ಗಂಟೆಯಲ್ಲಿ ಗೋದಾಮಿಗೆ ಬೆಂಕಿ ಬಿದ್ದಿದ್ದರೆ ನಷ್ಟ ಯಾರದ್ದು?"

ಯಾರೂ ಉತ್ತರ ಕೊಡಲಿಲ್ಲ. ಕೊಡುವುದಾದರೂ ಏನು? ವಸ್ತು ನಮ್ಮ ಕೈಯಲ್ಲಿದ್ದಷ್ಟು ಹೊತ್ತು ಅದರ ನಷ್ಟದ ಭಯವೂ ನಮ್ಮದೇ ಆಗಿರಬೇಕು. ಆ ಭಯ ಹೊತ್ತವನಿಗೆ ಮಾತ್ರ ಲಾಭದ ಹಕ್ಕು. ಇಲ್ಲದಿದ್ದರೆ ಅದು ಸಾಲ ಕೊಟ್ಟು ಬಡ್ಡಿ ತೆಗೆದುಕೊಂಡ ಹಾಗೆಯೇ. ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂದು ಪ್ರವಾದಿಯವರು ಹಕೀಂ ಬಿನ್ ಹಿಝಾಮ್ ಎಂಬ ವ್ಯಾಪಾರಿಗೆ ಹೇಳಿದ್ದು ಇದನ್ನೇ.

ವಿಷಯ ಶರಿಯಾ ಮಂಡಳಿಗೆ, ಅಂದರೆ ಬ್ಯಾಂಕಿನ ವ್ಯವಹಾರ ಶರಿಯಾಕ್ಕೆ ಒಪ್ಪುತ್ತದೆಯೇ ಎಂದು ತೀರ್ಮಾನಿಸುವ ವಿದ್ವಾಂಸರ ಮಂಡಳಿಗೆ, ಹೋಯಿತು. ಅದು ಒಂದು ಎಚ್ಚರಿಕೆ ಕೊಟ್ಟು ಮುಗಿಸುತ್ತದೆ ಎಂದುಕೊಂಡಿದ್ದೆ. ವಿದ್ವಾಂಸರಿಗೆ ಶುಲ್ಕ ಕೊಡುವುದು ಬ್ಯಾಂಕೇ ಅಲ್ವಾ? ಹಾಗಾಗಲಿಲ್ಲ. ಮೇಲ್‌ಗಳನ್ನೆಲ್ಲ ಸಮಯದ ಸಮೇತ ತರಿಸಿ ಓದಿದರು. ಆ ಡೀಲ್‌ನ ಪೂರ್ತಿ ಲಾಭ ದಾನದ ಖಾತೆಗೆ ಹೋಗಬೇಕು, ಒಂದು ಫಿಲ್ಸ್ ಕೂಡ ಆದಾಯಕ್ಕೆ ಸೇರಬಾರದು ಎಂದು ಬರೆದುಕೊಟ್ಟರು.

ಅವರು ಹಾಗೆ ಬರೆಯಲು ಆದದ್ದು ಸುಮ್ನೆ ಒಳ್ಳೆಯತನದಿಂದಲ್ಲ. ಇಸ್ಲಾಮಿಕ್ ಬ್ಯಾಂಕುಗಳಿಗೆ ನಿಯಮ ರೂಪಿಸುವ, ಬಹರೇನಿನಲ್ಲೇ ಇರುವ ಆಯೋಫಿ (AAOIFI) ಸಂಸ್ಥೆಯ ಮಾನದಂಡದ ಪ್ರಕಾರ ಶರಿಯಾ ಮಂಡಳಿಯಲ್ಲಿ ಕನಿಷ್ಠ 3 ಜನ ಇರಬೇಕು. ಅವರನ್ನು ನೇಮಿಸುವುದು ಷೇರುದಾರರ ಸಭೆ. ಬ್ಯಾಂಕಿನ ನಿರ್ದೇಶಕರು ಅದರಲ್ಲಿ ಕೂರುವಂತಿಲ್ಲ. ನಮ್ಮಲ್ಲಿ ಶರಿಯಾ ಆಡಿಟರ್ ವರದಿ ನೇರವಾಗಿ ಆ ಮಂಡಳಿಗೆ ಹೋಗುತ್ತದೆ, ಸಿಇಒ ಮೇಜಿನ ಮೇಲೆ ನಿಲ್ಲುವುದಿಲ್ಲ. ಅವತ್ತು ಆಡಿಟರ್ ಬಿಸಿನೆಸ್ ಹೆಡ್ ಎದುರು ಕೂತು ಆ ಪ್ರಶ್ನೆ ಕೇಳಿದ್ದರ ಹಿಂದೆ ಈ ದಾರಿ ಇತ್ತು. ಅವರ ಇನ್‌ಕ್ರಿಮೆಂಟ್ ಬಿಸಿನೆಸ್ ಹೆಡ್ ಕೈಯಲ್ಲಿದ್ದಿದ್ದರೆ ಫೈಲ್ ನನ್ನ ಮೇಜಿನವರೆಗೂ ಬರುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮಲೇಷ್ಯಾ ಇನ್ನೂ ಬಿಗಿ. ಅಲ್ಲಿ ಒಬ್ಬ ವಿದ್ವಾಂಸರು ಒಂದಕ್ಕಿಂತ ಜಾಸ್ತಿ ಇಸ್ಲಾಮಿಕ್ ಬ್ಯಾಂಕಿನ ಶರಿಯಾ ಸಮಿತಿಯಲ್ಲಿ ಇರುವಂತಿಲ್ಲ. 2013ರ ಕಾನೂನಿನಲ್ಲಿ ಶರಿಯಾ ಉಲ್ಲಂಘನೆಗೆ 8 ವರ್ಷದವರೆಗೆ ಜೈಲು, 2.5 ಕೋಟಿ ರಿಂಗಿಟ್‌ವರೆಗೆ ದಂಡ ಇದೆ. ಕೊಲ್ಲಿಯಲ್ಲಿ ಅದೇ ಕೆಲವು ಹೆಸರುಗಳು ಎಷ್ಟೋ ಮಂಡಳಿಗಳಲ್ಲಿ ಕಾಣುತ್ತವೆ. ಅಷ್ಟು ಬ್ಯಾಂಕುಗಳ ಫೈಲನ್ನು ಒಬ್ಬರು ಹೇಗೆ ಓದುತ್ತಾರೆ? ಇದು ನನ್ನ ಹಳೆಯ ತಕರಾರು.

2019ರ ಜೂನ್‌ನಲ್ಲಿ, ಹಲಾಲ್ ಹೂಡಿಕೆ ಎಂದು ಜನರಿಂದ ಹಣ ಪಡೆದಿದ್ದ ಬೆಂಗಳೂರಿನ ಐಎಂಎ ಕಂಪನಿ ಮುಳುಗಿದಾಗ ಊರಿನವರು ಫೋನ್ ಮಾಡಿ ಕೇಳುತ್ತಿದ್ದರು, "ಹಲಾಲ್ ಅಂದಿದ್ದರಲ್ಲ, ಹೀಗೇಕಾಯಿತು?" ಸಾವಿರಾರು ಬಡವರು, ಮಧ್ಯಮ ವರ್ಗದವರು ಜೀವಮಾನದ ಉಳಿತಾಯ ಹಾಕಿದ್ದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಹಲಾಲ್ ಎಂದು ಯಾರು ಹೇಳಿದರು ಎಂಬುದು ಸಾಲದು. ಅವರ ಲೆಕ್ಕವನ್ನು ಯಾರು ತೆರೆದು ನೋಡುತ್ತಾರೆ, ತಪ್ಪು ಕಂಡರೆ ಯಾರಿಗೆ ಬರೆಯುತ್ತಾರೆ, ಲಾಭ ವಾಪಸ್ ಕೊಡಿಸುವ ಅಧಿಕಾರ ಯಾರಿಗಿದೆ, ಇದನ್ನು ಕೇಳಿ.

ನಮ್ಮ ಸಿಸ್ಟಂ ಮಾತ್ರ ಇನ್ನೂ ಹಾಗೇ ಇದೆ. ಅದು ಮೂಲತಃ ಬಡ್ಡಿ ಸಾಲಕ್ಕೆ ಮಾಡಿದ ಪ್ಯಾಕೇಜ್. ಮೇಲೆ ಮುರಾಬಹಾ ಎಂದು ಹೆಸರು ಬದಲಿಸಿದ್ದಾರೆ ಅಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅದು ಕೇಳುವುದೇ ಇಲ್ಲ. ಸರ್ಟಿಫಿಕೇಟ್ ನಂಬರ್ ಹಾಕದೆ ಒಪ್ಪಂದ ಪ್ರಿಂಟ್ ಆಗಬಾರದು ಎಂದು ಚೇಂಜ್ ರಿಕ್ವೆಸ್ಟ್ ಕೊಟ್ಟೆವು. ಬಜೆಟ್ ಇಲ್ಲ ಎಂದು ಮುಂದೂಡುತ್ತಲೇ ಇದ್ದಾರೆ. ಆಡಿಟರ್ ಈಗ ಅದನ್ನೂ ವರದಿಯಲ್ಲಿ ಸೇರಿಸಿ ಶರಿಯಾ ಮಂಡಳಿಗೆ ಕಳಿಸಿದ್ದಾರೆ. ಮ್ಯಾನೇಜ್‌ಮೆಂಟ್ ಈ ಸಲ ಬರವಣಿಗೆಯಲ್ಲೇ ಉತ್ತರ ಕೊಡಬೇಕು.