ಮುಂದೆ ಇಳಿದ ವಿಮಾನದ ಸುಳಿ

ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬೆಳಗಾವಿಯಿಂದ ಬೆಂಗಳೂರಿಗೆ ಹೋಗಿದ್ದೆ. ಮೂರು ದಿನ ಇದ್ದೆ, ಕಾರ್ಯ ಚೆನ್ನಾಗಿ ಆಯಿತು. ಆದರೆ ಮನಸ್ಸಿನಲ್ಲಿ ಉಳಿದದ್ದು ಬೆಂಗಳೂರಿನಲ್ಲಿ ಇಳಿಯುವ ಮುಂಚಿನ ಕೆಲವು ಕ್ಷಣ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಳಿಗ್ಗೆ ಹೊರಟಿದ್ದು ಎರಡು ಫ್ಯಾನಿನ ಎಟಿಆರ್ ಎಂಬ ಸಣ್ಣ ವಿಮಾನ. ಜೆಟ್‌ಗಿಂತ ನನಗೆ ಇದೇ ಇಷ್ಟ. ರೆಕ್ಕೆ ಮೇಲಿರುವುದರಿಂದ ಹೊಲ, ಕೆರೆ ಎಲ್ಲ ಕಾಣುತ್ತವೆ. ಪಕ್ಕದ ಸೀಟಿನಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಸಾಂಬ್ರಾದ ತರಬೇತಿ ಶಾಲೆಯಲ್ಲೇ ಕಲಿತವರು.

ಇಳಿಯುವಾಗ ಗಾಳಿ ಅಲುಗುತ್ತಿರಲಿಲ್ಲ. ಕುಂದಾದ ಡಬ್ಬಿ ಕಾಲ ಬಳಿಯಿಂದ ಸರಿದಿತ್ತು. ಎಳೆದುಕೊಳ್ಳೋಣ ಎಂದು ಬೆಲ್ಟ್ ಸಡಿಲ ಮಾಡಿದೆ. ಅಷ್ಟರಲ್ಲಿ ಎಡ ರೆಕ್ಕೆ ಧಡಕ್ಕನೆ ಕುಸಿಯಿತು. ಕಿಟಕಿಯ ತುಂಬ ನೆಲ. ಭುಜ ಗೋಡೆಗೆ ಬಡಿಯಿತು. ಯಾರೋ "ಯವ್ವಾ" ಎಂದು ಕೂಗಿದರು. ವಿಮಾನ ನೇರವಾಯಿತು, ಎಂಜಿನ್ ಜೋರಾಗಿ ಮೊರೆಯಿತು, ನಾವು ಮತ್ತೆ ಮೇಲೇರುತ್ತಿದ್ದೆವು.

"ಹೆದರಬ್ಯಾಡ್ರಿ ತಂಗೆವ್ವಾ. ಮುಂದ ಯಾವುದೋ ದೊಡ್ಡ ವಿಮಾನ ಇಳದಿರಬೇಕು. ಅದರ ಸುಳಿಯಾಗ ಸಿಕ್ಕಿದ್ವಿ. ಪೈಲಟ್ ಮ್ಯಾಲ ಒಯ್ದದ್ದು ಛಲೋ ಆತು."

"ಗಾಳೀನ ಇರ್ಲಿಲ್ಲಲ್ರೀ ಕಾಕಾ?"

"ಅದಕ್ಕ ಸುಳಿ ಉಳದಿತ್ತು. ಗಾಳಿ ಜೋರ ಇದ್ರ ಒಡದು ಹೋಗತಿತ್ತು. ಹೊಳಿ ತುಂಬಿದಾಗ ಸುಳಿ ನೋಡೀರಿಲ್ಲೋ? ಅದನ್ನ ಅಡ್ಡ ಮಲಗಿಸ್ರಿ, ಹಂಗ."

ಒಂದು ಸುತ್ತು ಹಾಕಿ ಬರುವ ತನಕ ಅವರು ಬಿಡಿಸಿ ಹೇಳಿದರು. ಹಾರುವಾಗ ರೆಕ್ಕೆಯ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಡಿಮೆ. ಕೆಳಗಿನ ಗಾಳಿ ತುದಿಯಲ್ಲಿ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಎರಡು ರೆಕ್ಕೆಗೆ ಎರಡು ಸುಳಿ, ಒಂದಕ್ಕೊಂದು ಎದುರು ತಿರುಗುತ್ತವೆ. ವಿಮಾನ ಭಾರವಾಗಿದ್ದು ನಿಧಾನವಾಗಿದ್ದಷ್ಟೂ ಸುಳಿಗೆ ಬಲ. ಅದು ನಿಮಿಷಕ್ಕೆ 300ರಿಂದ 500 ಅಡಿ ಕೆಳಗಿಳಿಯುತ್ತದೆ. ಹಾಗಾಗಿ ಹಿಂದೆ ಬರುವವರು ಮುಂದಿನವರ ದಾರಿಗಿಂತ ತಗ್ಗಿನಲ್ಲಿ ಬರಬಾರದು. 136 ಟನ್ ದಾಟಿದ ವಿಮಾನವನ್ನು 'ಹೆವಿ' ಎನ್ನುತ್ತಾರೆ. ನಮ್ಮದು 23 ಟನ್ ಆಸುಪಾಸು. ಹೆವಿಯ ಹಿಂದೆ ಇಂಥ ವಿಮಾನ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ ಇರಬೇಕಂತೆ. ಅಷ್ಟು ದೂರವಿದ್ದರೂ ಒಮ್ಮೊಮ್ಮೆ ತಾಗುತ್ತದೆ. ಕಣ್ಣಿಗೆ ಕಾಣದ ಗಾಳಿಗೆ ಇಷ್ಟು ಲೆಕ್ಕ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಎರಡನೇ ಸಲ ಮೆತ್ತಗೆ ಇಳಿದೆವು. ಬ್ಯಾಗಿಗೆ ಕಾಯುವಾಗ ಅವರು ಇನ್ನೊಂದು ಮಾತು ಹೇಳಿದರು. 1972ರಲ್ಲಿ ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ಡಿಸಿ-10 ಎಂಬ ದೊಡ್ಡ ವಿಮಾನದ ಹಿಂದೆ ಇಳಿಯುತ್ತಿದ್ದ ಡಿಸಿ-9 ಎಂಬ ಚಿಕ್ಕ ವಿಮಾನ ಇಂಥದೇ ಸುಳಿಗೆ ಸಿಕ್ಕಿ ಬಿತ್ತು. ತರಬೇತಿ ಹಾರಾಟ, 4 ಜನ ಸತ್ತರು. ಅಂತರದ ನಿಯಮ ಬಿಗಿಯಾದದ್ದು ಆಮೇಲೆ.

"ಮ್ಯಾಲ ಇದ್ದಾಗ ಯಾಕ ಹೇಳಲಿಲ್ರೀ ಕಾಕಾ?"

"ಮ್ಯಾಲ ಹೇಳೂ ಮಾತೇನವ್ವಾ ಅದು?"

ಆ ಮಾತಿಗೆ ನನ್ನ ಕಣ್ಣು ತುಂಬಿತು.

ಭುಜ ವಾರವಿಡೀ ನೋಯಿತು. ಡಬ್ಬಿಯ ಮುಚ್ಚಳ ಬಿಚ್ಚಿ ಅರ್ಧ ಕುಂದಾ ನೆಲದ ಪಾಲು. ಆ ಬೇಜಾರು ಇನ್ನೂ ಹೋಗಿಲ್ಲ. ಇಳಿಯುವಾಗ ಯಾವ ಸಾಮಾನಿಗೂ ಬಗ್ಗಬೇಡಿ, ಬೆಲ್ಟ್ ಬಿಗಿಯಾಗಿರಲಿ. ಕುಂದಾ ಒಯ್ಯುವವರು ಅಂಗಡಿಯಲ್ಲೇ ಮುಚ್ಚಳಕ್ಕೆ ಸುತ್ತ ಟೇಪ್ ಹಾಕಿಸಿಕೊಳ್ಳಿ.

ವಾಪಸ್ ಬರುವಾಗ ಊರು ಹತ್ತಿರವಾಗುತ್ತಿದ್ದಂತೆ ಬೆಲ್ಟ್ ಎರಡು ಸಲ ಎಳೆದು ನೋಡಿದೆ. ಸಾಂಬ್ರಾದ ಹೊಲಗಳ ಮೇಲೆ ನಮ್ಮ ವಿಮಾನದ ನೆರಳು ಒಂದೇ ಓಡಿ ಬರುತ್ತಿತ್ತು.