ಪಾಂಗ್ತಿಗೆ ಫಾಲ್ಕನ್ ನೋಡಲು ಗುಂಪು ಕಟ್ಟುವವರಿಗೆ

ನಾಗಾಲ್ಯಾಂಡಿನ ಪಾಂಗ್ತಿ ಎಂಬ ಹಳ್ಳಿಗೆ ಅಮೂರ್ ಫಾಲ್ಕನ್ ಎಂಬ ವಲಸೆ ಬೇಟೆಹಕ್ಕಿ ನೋಡಲು ಹೊರಡುವವರು ಮೊದಲು ಗಡಿಯಾರದ ಕಡೆ ಗಮನ ಕೊಡಿ. ನವೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತದೆ. ನಮ್ಮ ಪ್ಯಾಕೇಜಿನವನ ಪಟ್ಟಿಯಲ್ಲಿ ‘ಸಂಜೆ 5ಕ್ಕೆ ವಾಚ್ ಟವರ್’ ಅಂತಿತ್ತು! ಆ ಹೊತ್ತಿಗೆ ಹತ್ತಿದರೆ ಕಾಣುವುದು ಪಕ್ಕದವರ ಮೊಬೈಲ್ ಬೆಳಕಷ್ಟೇ. ಕೇಳಿದ್ದಕ್ಕೆ, ‘ಪ್ರಕೃತಿ ಸಾರ್, ಗ್ಯಾರಂಟಿ ಕೊಡೋಕಾಗಲ್ಲ’ ಅಂದ. ಸೂರ್ಯ ಮುಳುಗೋ ಟೈಮಿಗೆ ಎಂಥ ಗ್ಯಾರಂಟಿ ಮಾರಾಯ?

ಮಧ್ಯಾಹ್ನ ಮೂರಕ್ಕೇ ಟವರ್ ಮೇಲಿರಿ, ಇಲ್ಲವೇ ಬೆಳಕು ಹರಿಯುವ ಮುಂಚೆ ಹೋಗಿ. ನಡುಹಗಲಲ್ಲಿ ಹಕ್ಕಿಗಳು ರೆಕ್ಕೆ ಗೆದ್ದಲು ಹಿಡಿಯುತ್ತಾ ಚದುರಿಹೋಗಿರುತ್ತವೆ.

ರಾಜಧಾನಿ ಕೊಹಿಮಾದಿಂದ ಪಾಂಗ್ತಿಯ ಜಿಲ್ಲಾ ಕೇಂದ್ರ ವೋಖಾಕ್ಕೆ ಸುಮಾರು 80 ಕಿ.ಮೀ. ಮ್ಯಾಪ್ ಹೇಳುವ ಸಮಯ ನಂಬಬೇಡಿ. ಸುಮೋದ ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ತಲೆಯ ಮೇಲೆ ಯಾರದೋ ಕೋಳಿ ಬುಟ್ಟಿ, ಬಾಯಿತುಂಬ ಧೂಳು. ನೂರಿನ್ನೂರು ಹೆಚ್ಚು ಕೊಟ್ಟಾದರೂ ಮುಂದಿನ ಸೀಟು ಹಿಡಿಯಿರಿ. ಭಾನುವಾರವಂತೂ ಪ್ರಯಾಣ ಇಟ್ಟುಕೊಳ್ಳಲೇಬೇಡಿ. ಎಲ್ಲರೂ ಚರ್ಚಿಗೆ ಹೋಗುತ್ತಾರೆ. ಗಾಡಿಯೂ ಇಲ್ಲ, ಅಂಗಡಿಯೂ ಇಲ್ಲ.

ವೋಖಾದಲ್ಲಿ ನಮ್ಮನ್ನು ಉಳಿಸಿದ್ದು ‘ರೈಸ್ ಹೋಟೆಲ್’ ಅಂತ ಬೋರ್ಡ್ ಹಾಕಿಕೊಂಡ ಒಂದು ತಗಡಿನ ಶೆಡ್ಡು. ಬೆಂಚು ನಾಲ್ಕೇ. ಅನ್ನ, ತೆಳ್ಳನೆ ಬೇಳೆ, ಉಪ್ಪು ಬಿಟ್ಟು ಬೇರೇನೂ ಹಾಕದೆ ಬೇಯಿಸಿದ ಸೊಪ್ಪು, ಕಳಲೆ ಹಾಕಿದ ಹಂದಿ ಮಾಂಸ. ನಾನು ಮಾಂಸ ತಿನ್ನಲ್ಲ ಅಂದಾಗ ಅಡುಗೆಯಾಕೆ ಕನಿಕರದಿಂದ ನೋಡಿ ಎರಡು ಸೌಟು ಬೇಳೆ ಜಾಸ್ತಿ ಸುರಿದರು. ರಾಜಾ ಮಿರ್ಚಿ ಅನ್ನುವ ಭಾರೀ ಖಾರದ ಮೆಣಸಿನ ಚಟ್ನಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಆಮೇಲೆ ಧೈರ್ಯ ಮಾಡಿ. ಅನ್ನ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ನಮ್ಮ ಲಾಡ್ಜಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಇಡೀ ಗುಂಪು ಇಲ್ಲಿ ಎರಡು ಹೊತ್ತು ಉಣ್ಣಬಹುದಿತ್ತು. ಆ ಲಾಡ್ಜಿನಲ್ಲಿ ಬಿಸಿನೀರೂ ಇರಲಿಲ್ಲ.

ಪಾಂಗ್ತಿಯಲ್ಲಿ ಪ್ರವೇಶಕ್ಕೂ ಗೈಡಿಗೂ ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. 2012ರವರೆಗೆ ದೊಯಾಂಗ್ ಜಲಾಶಯದ ಸುತ್ತ ಇದೇ ಜನ ಮೀನಿನ ಬಲೆ ಕಟ್ಟಿ ಈ ಹಕ್ಕಿಗಳನ್ನು ಸಾವಿರಗಟ್ಟಲೆ ಹಿಡಿದು ಮಾರುತ್ತಿದ್ದರು. 2013ರಿಂದ ಊರೇ ಸೇರಿ ನಿಲ್ಲಿಸಿತು. ಬಂದ ಆದಾಯ ಬಿಟ್ಟವರಿಗೆ ನಮ್ಮ ನೂರು ರೂಪಾಯಿ ಎಷ್ಟರದು? ನಮ್ಮ ಗೈಡೂ ಹಿಂದೆ ಬಲೆ ಹಾಕಿದವನೇ. ಹತ್ತಿರದ ತಂತಿ ಮೇಲಿದ್ದ ಗಂಡು ಹಕ್ಕಿಯನ್ನು ತೋರಿಸಿದ: ಬೂದು ಮೈ, ಕಾವಿಬಣ್ಣದ ತೊಡೆ, ಕಿತ್ತಳೆಗೆಂಪು ಕಾಲು. ಒಂದೂವರೆ ನೂರು ಗ್ರಾಂ ಇದ್ದರೆ ಹೆಚ್ಚು. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಬಂದು, ಇಲ್ಲಿ ಕೊಬ್ಬಿ, ಅರಬ್ಬೀ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕಾ ಸೇರುವ ಜೀವ. ಸಂಜೆಯ ಹಿಂಡಿನಲ್ಲಿ ಎಣಿಸಲು ಹೋದವರು ಐದೇ ನಿಮಿಷಕ್ಕೆ ಕೈಬಿಟ್ಟರು.

ಆರು ಜನಕ್ಕಿಂತ ದೊಡ್ಡ ಗುಂಪು ಬೇಡ. ನಮ್ಮಲ್ಲೊಬ್ಬರು ಟವರ್ ಮೇಲೇ ಬ್ಲೂಟೂತ್ ಸ್ಪೀಕರಿನಲ್ಲಿ ಭಾವಗೀತೆ ಹಾಕಿದರು. ಗದ್ದಲ ನನಗೆ ಸಂತೆಯಲ್ಲೂ ಆಗಿಬರಲ್ಲ, ಆ ಲೆಕ್ಕದಲ್ಲಿ ಇದನ್ನು ಓದಿಕೊಳ್ಳಿ.

ಹೊರರಾಜ್ಯದವರು ನಾಗಾಲ್ಯಾಂಡಿನೊಳಗೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಮನೆಯಿಂದಲೇ ಆನ್‌ಲೈನಲ್ಲಿ ಮಾಡಿಸಿ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕ ಒಳ್ಳೆಯ ಸಮಯ. ‘ಹಾರ್ನ್‌ಬಿಲ್ ಹಬ್ಬವನ್ನೂ ಸೇರಿಸಿ ಒಂದೇ ಟಿಕೆಟಿನಲ್ಲಿ ಮುಗಿಸೋಣ’ ಅನ್ನುವ ಏಜೆಂಟರಿಗೆ ಮುಂಗಡ ಕೊಡಬೇಡಿ. ನಾಗಾ ಬುಡಕಟ್ಟುಗಳ ಆ ಹಬ್ಬ ಶುರುವಾಗುವುದು ಡಿಸೆಂಬರ್ 1ಕ್ಕೆ, ಅಷ್ಟರಲ್ಲಿ ಹಿಂಡು ಹೊರಟುಹೋಗಿರುತ್ತದೆ.